‘ಕಪ್ಪು’ ಅಂದರೂ ನಗುವ ಮಗು

ಪ್ರಶ್ನೆ: ಮದುವೆಮನೆಯಲ್ಲಿ ನೆಂಟರೊಬ್ಬರು ನನ್ನ ನಾಲ್ಕು ವರ್ಷದ ಮಗಳನ್ನು ನೋಡಿ ‘ಇಷ್ಟು ಕಪ್ಪಾ!’ ಅಂದರು. ಅವಳು ‘ಹೌದು, ನಾನು ಅಜ್ಜಿ ಥರ’ ಎಂದು ಕುಣಿಯುತ್ತಾ ಹೋದಳು. ಮಾತು ಅವಳಿಗೆ ಚುಚ್ಚಲಿಲ್ಲವೇಕೆ?

ಉತ್ತರ: ಮಾತು ಅವಳಿಗೆ ಕೇಳಿಸಿದೆ, ಅದರೊಳಗಿನ ತಕ್ಕಡಿ ಕಾಣಿಸಿಲ್ಲ. ಕಪ್ಪು ಅವಳ ಪಾಲಿಗೆ ತುತ್ತು ಕೊಡುವ ಅಜ್ಜಿಯ ಕೈಯ ಬಣ್ಣ. ತನ್ನನ್ನು ಇನ್ನೊಬ್ಬರ ಪಕ್ಕದಲ್ಲಿ ನಿಲ್ಲಿಸಿ ಬೆಲೆ ಕಟ್ಟಿಕೊಳ್ಳುವ ಅಭ್ಯಾಸ ಮಕ್ಕಳಲ್ಲಿ ಗಟ್ಟಿಯಾಗುವುದು ಸಾಮಾನ್ಯವಾಗಿ ಏಳೆಂಟು ವರ್ಷದ ಹೊತ್ತಿಗೆ.

ಇನ್ನೊಂದು ಕಾರಣ ನೀವೇ. ಅಪರಿಚಿತವಾದದ್ದು ಎದುರಾದಾಗ ಮಗು ಮೊದಲು ನೋಡುವುದು ಅಮ್ಮನ ಮುಖವನ್ನು. ಅಮೆರಿಕದಲ್ಲಿ 1985ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೆಳಗೆ ಹಳ್ಳವಿದ್ದಂತೆ ಕಾಣುವ ಗಾಜಿನ ಹಾಸಿನ ಅಂಚಿಗೆ ಒಂದು ವರ್ಷದ ಮಕ್ಕಳನ್ನು ತಂದರು. ಆಚೆ ಬದಿಯಲ್ಲಿ ಅಮ್ಮ. ಅಮ್ಮ ನಕ್ಕಾಗ 19 ಮಕ್ಕಳಲ್ಲಿ 14 ಮಕ್ಕಳು ಅಂಬೆಗಾಲಿಟ್ಟು ದಾಟಿದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ! ಅಂದು ಮದುವೆಮನೆಯಲ್ಲೂ ನಿಮ್ಮ ಮುಖದಲ್ಲಿ ಮಗಳಿಗೆ ಗಾಬರಿ ಕಂಡಿರಲಿಕ್ಕಿಲ್ಲ.

ಹಾಗೆಂದು ನಿಶ್ಚಿಂತರಾಗಬೇಡಿ. ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಮತ್ತು ಮ್ಯಾಮಿ ಕ್ಲಾರ್ಕ್ ದಂಪತಿ 1940ರ ಸುಮಾರಿಗೆ 3ರಿಂದ 7 ವರ್ಷದ ಕಪ್ಪುವರ್ಣದ ಮಕ್ಕಳ ಮುಂದೆ ಬಿಳಿ ಮತ್ತು ಕಂದು ಗೊಂಬೆಗಳನ್ನಿಟ್ಟು, ಒಳ್ಳೆಯದು ಯಾವುದೆಂದು ಕೇಳಿದಾಗ ಹೆಚ್ಚಿನವರು ತೋರಿಸಿದ್ದು ಬಿಳಿಯದನ್ನು. ಸುತ್ತಲಿನ ಮಾತು ಎಳೆಯ ಮನಸ್ಸಿಗೂ ಇಳಿಯುತ್ತದೆ. ಆದ್ದರಿಂದ ನೆಂಟರು ಮತ್ತೆ ಅಂಥ ಮಾತು ಆಡಿದರೆ ಸುಮ್ಮನಿರಬೇಡಿ. ಮಗಳನ್ನು ಎತ್ತಿಕೊಂಡು, ಅವರ ಎದುರಿಗೇ ಹೇಳಿ: ‘ನಮ್ಮ ಅಮ್ಮನ ಬಣ್ಣವೇ ಬಂದಿದೆ, ಎಷ್ಟು ಚೆಂದ ಅಲ್ವಾ?’