ಕೆಟ್ಟಿರೋದು ಮಾಡ್ಯೂಲಾ, ಸ್ಲಾಟಾ?

ಹೆಬ್ಬಾಳದಲ್ಲಿ ಕರೆಂಟ್ ಹೋದ್ರೂ ನಮ್ಮ ಫೋನಿಗೆ ಸಿಗ್ನಲ್ ಇರುತ್ತಲ್ಲ, ಅದು ಟವರ್ ಬುಡದ 48 ವೋಲ್ಟ್ ಬ್ಯಾಟರಿ ದಯೆ. ಅದನ್ನು ಚಾರ್ಜ್ ಮಾಡೋದು, ಕರೆಂಟ್ ಇರೋವಾಗ ಲೋಡ್ ಹೊರೋದು ಎರಡೂ ರೆಕ್ಟಿಫೈಯರ್ ಮಾಡ್ಯೂಲ್‌ಗಳ ಕೆಲಸ. ಒಂದು ಕೈಕೊಟ್ಟರೆ ಉಳಿದವು ಹೊರೆ ಹಂಚಿಕೊಳ್ಳುತ್ತವೆ. ಅಲಾರಂ ನೋಡದಿದ್ದರೆ ಗೊತ್ತೇ ಆಗಲ್ಲ. ಇನ್ನೂ ಒಂದೆರಡು ಹೋದರೆ, ಕರೆಂಟ್ ಇದ್ದೂ ಬ್ಯಾಟರಿ ಖಾಲಿ!

ಕೆಂಪು ದೀಪ ಕಂಡ ಕೂಡಲೇ ಗುಜರಿಗೆ ಹಾಕೋದು ಬೇಡ. ಮೊದಲು ಎಂಸಿಬಿ, ಎಸಿ ವೋಲ್ಟೇಜ್, ಫ್ಯಾನಿನ ಧೂಳು ನೋಡೋಣ (ಬಳ್ಳಾರಿ ರಸ್ತೆ ಬದಿಯಲ್ಲಿ ಧೂಳಿಗೇನು ಬರ!). ಆಮೇಲೆ ಮಾಡ್ಯೂಲನ್ನು ಸರಿಯಿರೋ ಸ್ಲಾಟಿಗೆ ಹಾಕೋಣ. ದೋಷ ಜೊತೆಗೇ ಬಂದರೆ ಮಾಡ್ಯೂಲೇ ಕೆಟ್ಟಿದೆ. ಹಳೇ ಸ್ಲಾಟಲ್ಲೇ ಉಳಿದರೆ ವೈರಿಂಗ್ ಅಥವಾ ಕನೆಕ್ಟರ್.

ಹಾಟ್ ಸ್ವಾಪ್ ಮಾದರಿಯಾದರೆ ಸಿಸ್ಟಮ್ ಆಫ್ ಮಾಡದೆ ಬದಲಿಸಬಹುದು. ಕಿತ್ತ ಮಾಡ್ಯೂಲಿನ ಮುಚ್ಚಳ ಮಾತ್ರ ತಕ್ಷಣ ಬಿಚ್ಚಬಾರದು; ಒಳಗಿನ ಕೆಪಾಸಿಟರಿನಲ್ಲಿ ಇನ್ನೂ ನೂರಾರು ವೋಲ್ಟ್ ಉಳಿದಿರಬಹುದು.