ಕಲ್ಲಿನ ಪದರಗಳಲ್ಲಿ ಪ್ರಾಚೀನ ಪರಿಸರ

ನಾಡಿನ ಇತಿಹಾಸವನ್ನು ಶಾಸನಗಳಿಂದ ಅರಿಯುವಂತೆ ನೆಲದ ಇತಿಹಾಸವನ್ನು ಭೂವಿಜ್ಞಾನಿಗಳು ಪದರಶಿಲೆಗಳಿಂದ ಅರಿಯುತ್ತಾರೆ. ನೀರು ಅಥವಾ ಗಾಳಿ ತಂದ ಮರಳು, ಕೆಸರು ಪದರಪದರವಾಗಿ ನೆಲೆಗೊಂಡು ಗಟ್ಟಿಯಾದಾಗ ಈ ಶಿಲೆಗಳು ಉಂಟಾಗುತ್ತವೆ. ಅಂದಿನ ಸನ್ನಿವೇಶದ ಗುರುತುಗಳು ಅವುಗಳಲ್ಲಿ ಉಳಿದಿರುತ್ತವೆ.

ಈ ಲಿಪಿಯ ಅಕ್ಷರಗಳನ್ನು ಗುಜರಾತಿನ ಕನ್ನಡಿಗರು ತಮ್ಮ ಸಮೀಪದಲ್ಲಿಯೇ ಕಲಿಯಬಹುದು. ವಡೋದರದ ಬಳಿಯ ಮಹೀ ನದಿಯ ಮರಳಿನಲ್ಲಿ ಪ್ರವಾಹವು ಮೂಡಿಸುವ ಸಣ್ಣ ಏಣುಗಳಿಗೆ ಒಂದು ಪಕ್ಕ ಇಳಿಜಾರು, ಇನ್ನೊಂದು ಪಕ್ಕ ಕಡಿದು. ಕಡಿದಾದ ಪಕ್ಕವು ನೀರು ಹರಿದ ದಿಕ್ಕನ್ನು ಸೂಚಿಸುತ್ತದೆ. ಸೂರತ್ತಿನ ಡುಮಸ್ ತೀರದಂತಹ ಕಡಲಂಚಿನಲ್ಲಿ ಅಲೆಗಳು ಹಿಂದೆ ಮುಂದೆ ತೂಗುವುದರಿಂದ ಮೂಡುವ ಏಣುಗಳ ಎರಡು ಪಕ್ಕಗಳೂ ಬಹುಮಟ್ಟಿಗೆ ಸಮ. ಅಹಮದಾಬಾದಿನ ಸುತ್ತಲಿನ ಕೆರೆಗಳು ಬತ್ತಿದಾಗ ಕೆಸರು ಬಿರಿಯುತ್ತದೆ. ಅಂತಹ ಬಿರುಕು ಕಲ್ಲಿನಲ್ಲಿ ಕಂಡರೆ, ಆ ನೆಲ ಒಮ್ಮೆ ನೀರಿನಿಂದ ಹೊರಬಂದು ಒಣಗಿತ್ತೆಂದು ತಿಳಿಯಬೇಕು. ಕ್ರಿ.ಶ. 578ರ ಮಂಗಳೇಶನ ಶಾಸನವುಳ್ಳ ಬಾದಾಮಿಯ ಗುಹೆಯನ್ನು ಕೊರೆದ ಕೆಂಪು ಮರಳುಗಲ್ಲಿನಲ್ಲಿಯೂ ಓರೆಯಾದ ಅಡ್ಡಪದರಗಳಿವೆ. ಹರಿಯುವ ನೀರು ಮರಳನ್ನು ಮುಂದೊತ್ತಿದುದರ ಕುರುಹು ಅದು. ಮನುಷ್ಯನ ಶಾಸನಕ್ಕಿಂತ ಅದೆಷ್ಟೋ ಕೋಟಿ ವರ್ಷ ಹಿರಿದಾದ ಬರಹವದು!

ಆದರೆ ಒಂದೇ ಅಕ್ಷರದಿಂದ ವಾಕ್ಯವಾಗದು. ಜಬಲ್ಪುರದ ಬಳಿಯ ನರ್ಮದೆಯ ಲಮೇಟಾ ಘಾಟಿನಿಂದ ಹೆಸರು ಪಡೆದ ಲಮೇಟಾ ಶಿಲೆಗಳು 6.5 ಕೋಟಿ ವರ್ಷಗಳಿಗಿಂತ ಹಿಂದಿನವು. ಅಡ್ಡಪದರಗಳನ್ನೂ ಪ್ರಾಣಿಗಳ ಬಿಲಗಳನ್ನೂ ಆಧರಿಸಿ ಕೆಲವು ವಿದ್ವಾಂಸರು ಅವನ್ನು ಕಡಲಂಚಿನ ಸಂಚಯವೆಂದು ಬಗೆದಿದ್ದರು. ಸುಣ್ಣದ ಗಂಟುಗಳು, ಬೇರಿನ ಗುರುತುಗಳು ಮುಂತಾದವನ್ನು ಒಟ್ಟಾಗಿ ಪರಿಶೀಲಿಸಿದವರು, ಅವು ನದಿ, ಕೆರೆಗಳ ಬಯಲಿನಲ್ಲಿ ಒಣಹವೆಯಲ್ಲಿ ಮಾಗಿದ ಮಣ್ಣಿನ ಲಕ್ಷಣಗಳೆಂದು ತೋರಿಸಿದರು.

ಅಹಮದಾಬಾದಿನ ಪೂರ್ವಕ್ಕಿರುವ ಬಾಲಾಸಿನೋರಿನ ಸಮೀಪದ ರಯ್ಯೋಲಿಯಲ್ಲಿ ಇದೇ ಶಿಲೆಗಳಿವೆ. ಅಲ್ಲಿ 1980ರ ದಶಕದ ಆರಂಭದಲ್ಲಿ ಅಗೆದು ತೆಗೆದ ಎಲುಬುಗಳ ಆಧಾರದಿಂದ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿ ಡೈನೋಸಾರಿಗೆ ನಾಮಕರಣವಾಯಿತು. ಆ ಪ್ರದೇಶದ ಸುಣ್ಣಮಿಶ್ರಿತ ಮರಳುಪದರಗಳಲ್ಲಿ ಡೈನೋಸಾರುಗಳ ಮೊಟ್ಟೆಗಳೂ ಗುಂಪುಗುಂಪಾಗಿ ದೊರೆತಿವೆ. ಕಡಲತಳದಲ್ಲಿ ಗೂಡು ಕಟ್ಟುವುದು ಅಸಾಧ್ಯ. ಪದರಗಳ ಸಾಕ್ಷ್ಯವೂ ಗೂಡುಗಳ ಸಾಕ್ಷ್ಯವೂ ಇಲ್ಲಿ ಪರಸ್ಪರ ಒಪ್ಪುತ್ತವೆ.

ವಸ್ತುಸಂಗ್ರಹಾಲಯಕ್ಕೆ ಒಯ್ದ ಎಲುಬು ಅಲ್ಲಿ ಬಾಳಿದವರು ಯಾರೆಂಬುದನ್ನು ಹೇಳೀತು. ಆ ನೆಲ ಹೇಗಿತ್ತೆಂಬುದನ್ನು ಹೇಳಬಲ್ಲುದು ಅದು ಹುದುಗಿದ್ದ ಪದರವೇ. ಕಲ್ಲುಗಣಿಯ ಕೆಲಸದಿಂದಲೋ ನೆನಪಿನ ವಸ್ತುವಿನ ಆಸೆಯಿಂದಲೋ ಬರೆದಿಡದೆ ಒಡೆದ ಪದರವು ಓದುವ ಮುನ್ನವೇ ಅಳಿಸಿಹೋದ ಶಾಸನಕ್ಕೆ ಸಮ. ಅದನ್ನು ಮತ್ತೆ ಕೆತ್ತಬಲ್ಲವರು ಯಾರೂ ಇಲ್ಲ.