ತಪ್ಪಲು ಅವಕಾಶವಿರುವ ಚಿಕಿತ್ಸಾ ಕೊಠಡಿ

ಆವನಿಯ ಬಳಿ ಅಪಘಾತವಾಯಿತೆಂದು ಭಾವಿಸೋಣ. ಗಾಯಾಳುವನ್ನು ಮುಳಬಾಗಿಲಿನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರದತ್ತ ಸಾಗಿಸಬೇಕು. ವಯಸ್ಕರ ದೇಹದಲ್ಲಿರುವ ರಕ್ತ ಸುಮಾರು 5 ಲೀಟರ್. ನಿಮಿಷಕ್ಕೆ 50 ಮಿಲಿಲೀಟರ್‌ನಂತೆ ಸೋರಿದರೆ 30 ನಿಮಿಷಗಳಲ್ಲಿ ನಷ್ಟವಾಗುವುದು 1.5 ಲೀಟರ್, ಅಂದರೆ ಶೇಕಡ 30. ಈ ಮಿತಿ ದಾಟಿದರೆ ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯುತ್ತದೆ. ಆಸ್ಪತ್ರೆಯೊಳಗೆ ವ್ಯರ್ಥವಾಗುವ ನಿಮಿಷಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ ಇವನ್ನು ಒಬ್ಬರೇ ಒಂದಾದ ಮೇಲೊಂದರಂತೆ ನೋಡಿಕೊಂಡರೆ ಕಾಲಾವಧಿಗಳು ಕೂಡುತ್ತ ಹೋಗುತ್ತವೆ. ತಂಡವೊಂದು ಏಕಕಾಲದಲ್ಲಿ ನೋಡಿಕೊಂಡರೆ, ಅತಿ ದೀರ್ಘವಾದ ಕೆಲಸಕ್ಕೆ ಬೇಕಾದಷ್ಟು ಸಮಯ ಸಾಕು. ಆದರೆ "ಯಾರಾದರೂ ರಕ್ತ ತರಿಸಿ" ಎಂದರೆ ಯಾರೂ ತರಿಸದೆ ಇರಬಹುದು. ನಾಯಕರು ಹೆಸರು ಹಿಡಿದು ಹೇಳಬೇಕು. ಕೇಳಿದವರು ಅದನ್ನೇ ಪುನರುಚ್ಚರಿಸಿ, ಕೆಲಸ ಮುಗಿದೊಡನೆ ತಿಳಿಸಬೇಕು.

ಈ ಶಿಸ್ತನ್ನು ರೋಗಿಯ ಪ್ರಾಣ ಪಣಕ್ಕಿಟ್ಟು ಕಲಿಯಲಾಗದು. ವಿಮಾನ ಚಾಲಕರು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕಲಿಯುವಂತೆ, ವೈದ್ಯರು ಮತ್ತು ದಾದಿಯರು ಮನುಷ್ಯಾಕೃತಿಯ ಬೊಂಬೆಯ ಮೇಲೆ ತಾಲೀಮು ನಡೆಸುತ್ತಾರೆ. 1960ರಲ್ಲಿ ನಾರ್ವೆಯಲ್ಲಿ ಬಂದ 'ರಿಸಸಿ ಆನ್' ಕೃತಕ ಉಸಿರಾಟ ಕಲಿಸುವ ಸರಳ ಬೊಂಬೆ. ಇಂದಿನ ಬೊಂಬೆಗಳ ನಾಡಿಮಿಡಿತ, ರಕ್ತದೊತ್ತಡಗಳನ್ನು ಶಿಕ್ಷಕರು ಗಣಕದಿಂದ ಬದಲಿಸಬಲ್ಲರು. ತಾಲೀಮಿನ ನಂತರ ವಿಡಿಯೊ ನೋಡುತ್ತ, ಯಾರನ್ನೂ ದೂಷಿಸದೆ ನಡೆಸುವ ಚರ್ಚೆಯಲ್ಲೇ ಹೆಚ್ಚಿನ ಕಲಿಕೆ.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2020ರ ನಿಯಮಗಳು ವೈದ್ಯಕೀಯ ಕಾಲೇಜುಗಳಿಗೆ ಕೌಶಲ ಪ್ರಯೋಗಾಲಯವನ್ನು ಕಡ್ಡಾಯಗೊಳಿಸಿವೆ. ಆದರೆ ತಂಡದ ತಾಲೀಮಿಗೆ ದುಬಾರಿ ಬೊಂಬೆಯೇ ಬೇಕೆಂದಿಲ್ಲ. ಸಾಧಾರಣ ಬೊಂಬೆ, ಸ್ಟಾಪ್‌ವಾಚ್ ಮತ್ತು ಅರ್ಧ ಗಂಟೆ ಬಿಡುವು ಇದ್ದರೆ ತಾಲೂಕು ಆಸ್ಪತ್ರೆಯಲ್ಲೂ ಇದು ಸಾಧ್ಯ. ಪ್ರಯೋಗಶಾಲೆಯಲ್ಲಿ ದೋಷವನ್ನು ಅಳೆದ ನಂತರವೇ ಅದನ್ನು ತಗ್ಗಿಸುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ.